ನೀರಿನ ಅಂಚಿಗೆ ನೆಟ್ಟ ಕೋಲು

ನನ್ನಿಂದ ಡಿಗ್ರಿ ಮುಗಿಸುವುದು ಆಗದು ಎಂದವರು ನನ್ನ ಸೋದರಮಾವ. ಬೆನ್ನ ಹಿಂದೆ ಆಡಿದ ಮಾತಲ್ಲ. ಮುನಿರಾಬಾದಿನ ಅವರ ಎರಡು ಖೋಲಿಯ ಮನೆಯಲ್ಲಿ, ಅತ್ತೆ ನನ್ನ ತಾಟಿಗೆ ರೊಟ್ಟಿ ಹಾಕುತ್ತಿದ್ದಾಗ, ಎದುರಿಗೇ ಕೂತು ಹೇಳಿದರು.

"ನೋಡವಾ, ನಿಮ್ಮಪ್ಪಗ ಸಹಿ ಮಾಡಾಕ ಬರಂಗಿಲ್ಲ. ನಾ ಏಳನೇ ಕ್ಲಾಸು ಫೇಲು. ನಿಮ್ಮಣ್ಣ ಹತ್ತನೇ ಕ್ಲಾಸಿನ ಗಣಿತದ ಪರೀಕ್ಷಾ ಅರ್ಧಕ್ಕ ಬಿಟ್ಟು ಓಡಿ ಬಂದಾಂವ. ನಮ್ಮ ಮಂದ್ಯಾಗ ಯಾರಿಗೂ ಆಗದ್ದು ನಿನಗ ಹೆಂಗ ಆಕ್ಕೈತಿ? ಆಗೋದಲ್ಲ, ಬಿಡು."

"ಉಣ್ಣಾಕ ಬಿಡ್ರಿ ಹುಡುಗೀನ," ಎಂದರು ಅತ್ತೆ.

"ಉಣ್ಣಲಿ. ಉಣಬ್ಯಾಡ ಅಂದೆನೇನು? ಡಿಗ್ರಿ ಆಗಂಗಿಲ್ಲ ಅಂದೆ."

ಮಾವ ಕೆಟ್ಟವರಲ್ಲ. ಕುಷ್ಟಗಿ ಕಡೆಯ ನಮ್ಮೂರಿನಿಂದ ಕಾಲೇಜಿಗೆ ದಿನಾ ಓಡಾಡುವುದು ಆಗುವುದಿಲ್ಲವೆಂದು ನನ್ನನ್ನು ಮನೆಯಲ್ಲಿಟ್ಟುಕೊಂಡವರು ಅವರೇ. ಅವರು ಅಲ್ಲಿನ ತುಂಗಭದ್ರಾ ಡ್ಯಾಮಿನ ಕಡೆ ದಿನಗೂಲಿ ಕೆಲಸಕ್ಕೆ ಹೋಗುತ್ತಿದ್ದರು: ಕಸ ತೆಗೆಯುವುದು, ಹಗ್ಗ ಎಳೆಯುವುದು, ಗ್ರೀಸ್ ಹಚ್ಚುವುದು. "ಹುಡುಗಿ ನಿನ್ನ ಜಿಮ್ಮಾ" ಎಂದು ಅಪ್ಪ ನನ್ನನ್ನು ಬಿಟ್ಟು ಹೋದಂದಿನಿಂದ ಆ ಮನುಷ್ಯನಿಗೆ ನಿದ್ದೆ ಕಡಿಮೆಯಾಯಿತು. ಬಸ್ಸು ಹತ್ತು ನಿಮಿಷ ತಡವಾದರೆ ಹಿಟ್ನಾಳದವರೆಗೆ ಗಾಡಿ ತಗೊಂಡು ಎದುರು ಬಂದುಬಿಡುತ್ತಿದ್ದರು. ನನ್ನ ಓದು ಅವರಿಗೆ ಹೊತ್ತು ಸಾಗಿಸಬೇಕಾದ ಗಾಜಿನ ಸಾಮಾನು. ಎಲ್ಲಾದರೂ ಇಳಿಸಿದರೆ ಸಾಕಾಗಿತ್ತು.

ನಾನು ಓದುತ್ತಿದ್ದದ್ದು ಸಮಾಜಕಾರ್ಯದ ಪದವಿ. ಅದರಲ್ಲಿ ಕೊನೆಯ ವರ್ಷ ಆರು ದಿನದ ಗ್ರಾಮೀಣ ಶಿಬಿರ ಕಡ್ಡಾಯ. ಹಳ್ಳಿಯಲ್ಲೇ ಇರಬೇಕು, ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಮನೆ ಮನೆಗೆ ಹೋಗಿ ವಿಚಾರಿಸಿ ಬರೆಯಬೇಕು. ಒಂದು ದಿನ ತಪ್ಪಿಸಿದರೂ ಶಿಬಿರದ ಅಂಕ ಸೊನ್ನೆ. ಮುಂದಿನ ವರ್ಷ ಮತ್ತೆ ಬರಬೇಕು. ಉಳಿದವರಿಗೆ ಅದು ಒಂದು ವರ್ಷದ ಮಾತು. ನನಗೆ ಹಾಗಲ್ಲ. ಯಲಬುರ್ಗಾ ಕಡೆಯ ಒಂದು ಮನೆಯವರು ಆಗಲೇ ಎರಡು ಸಲ ಬಂದು ಚಹಾ ಕುಡಿದು ಹೋಗಿದ್ದರು. ಓದು ಮುಗಿಯಲಿ ಎಂದಷ್ಟೇ ಅಪ್ಪ ಅವರನ್ನು ತಡೆದಿದ್ದ. ಈ ವರ್ಷ ಮುಗಿಯದಿದ್ದರೆ ನನ್ನ ಡಿಗ್ರಿ ಅಲ್ಲಿಗೇ ಮುಗಿದ ಹಾಗೆ.

ಅವ್ವನಿಗೆ ಫೋನಿನಲ್ಲಿ ಹೇಳಿದರೆ ಅವಳು ಕೇಳಿದ್ದು, "ಕ್ಯಾಂಪಿಗೆ ಹೊಂಟಿ? ಯಾವ ಕ್ಯಾಂಪು? ಆ ತೆಲುಗು ಮಂದಿ ಇರ್ತಾರಲ್ಲ, ಅಲ್ಲೇನು? ನೆಲ್ಲು ಹಚ್ಚಾಕ ಕರಕೊಂಡ ಹೊಂಟಾರೇನು ನಿಮ್ಮನ್ನ?" ನಮ್ಮ ಕಡೆ ಕ್ಯಾಂಪೆಂದರೆ ಕಾಲುವೆ ನೀರಿಗೆ ವಲಸೆ ಬಂದ ತೆಲುಗು ರೈತರ ಊರು. ನಾನು ನಕ್ಕೆ. ಮಾವ ನಗಲಿಲ್ಲ.

"ಎಲ್ಲಿ ಇರೂದು?"

"ಗಂಗಾವತಿ ಆಚೆ, ಹೊಳಿ ದಂಡಿ ಮ್ಯಾಲಿನ ಪೇರಲ ತೋಟದಾಗ್ರಿ. ಊರ ಸಾಲಿಗೆ ಹೊಸ ಛತ್ತ ಹಾಕಾಕತ್ತಾರ. ಅದಕ್ಕ ತೋಟದಾಗ ಡೇರೆ ಹಾಕ್ತಾರಂತ."

"ಹೊಳಿ ದಂಡಿ ಮ್ಯಾಲ? ಈ ಮಳಿಗಾಲದಾಗ?" ಅವರು ಚಹಾದ ಕಪ್ಪು ಕೆಳಗಿಟ್ಟರು. "ನಿಮ್ಮ ಮಾಸ್ತರಗ ಹೊಳಿ ಗೊತ್ತೈತೇನು?"

ಆ ಪ್ರಶ್ನೆಯನ್ನು ನಾನು ಹೊಟ್ಟೆಕಿಚ್ಚಿನ ಮಾತೆಂದುಕೊಂಡೆ. ಇಂಥದ್ದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ಹಾಗೇ.

ತೋಟ ಚೆಂದವಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಊರಿನಿಂದ ಬರುವ ದಾರಿ ಒಂದು ತಗ್ಗಾದ ಹಳ್ಳಕ್ಕೆ ಇಳಿದು ಮತ್ತೆ ಏರುತ್ತಿತ್ತು. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. ಟ್ರ್ಯಾಕ್ಟರಿನಲ್ಲಿ ಪಾತ್ರೆ, ತಾಡಪತ್ರಿ, ಡೇರೆಯ ಗಳಗಳನ್ನು ಹೇರಿಕೊಂಡು ದಾಟಿದೆವು. ಹಳ್ಳದಾಚೆ ಸಾಲು ಸಾಲು ಪೇರಲ ಗಿಡ, ನಡುನಡುವೆ ನಿಂಬೆ. ತೋಟ ಮುಗಿದಲ್ಲಿ ಒಂದು ಬದು, ಬದುವಿನಾಚೆ ಇಳಿಜಾರು, ಇಳಿಜಾರಿನ ಕೊನೆಗೆ ತುಂಗಭದ್ರೆ. ನಾವು ಇಪ್ಪತ್ತಮೂರು ಮಂದಿ ವಿದ್ಯಾರ್ಥಿಗಳು, ಒಬ್ಬ ಸರ್, ಒಬ್ಬ ಮೇಡಂ. ಬದುವಿನ ಈಚೆ ಗಿಡಗಳ ನಡುವೆ ಶಾಮಿಯಾನದ ಅಂಗಡಿಯ ಡೇರೆಗಳು ಎದ್ದವು. ಎಲ್ಲಿ ನೋಡಿದರೂ ಹಣ್ಣಿನ ವಾಸನೆ. ಬಾವಲಿ ಕಚ್ಚಿ ಬೀಳಿಸಿದ ಪೇರಲ ಹಣ್ಣು ಕಾಲಿಗೆ ಹತ್ತಿ ಅಂಟುತ್ತಿತ್ತು.

ತೋಟ ಕಾಯುವವಳು ಒಬ್ಬ ಅಜ್ಜಿ. ಬದುವಿನ ಕೆಳಗೆ, ಹೊಳೆಯ ಕಡೆಗೆ, ಅವಳ ಗುಡಿಸಲು. ನಾಲ್ಕು ಆಡು, ಒಂದಿಷ್ಟು ಕೋಳಿ. ನಾವು ಡೇರೆ ಹಾಕುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಸಾಹೇಬ್ರ, ಹೊಳಿ ಮ್ಯಾಲ ಒಂದ್ ಕಣ್ಣಿರಲಿ. ಮ್ಯಾಲ ಭಾಳ ಮಳಿ ಐತಂತ."

ಸರ್ ನಕ್ಕು, "ನೋಡ್ರಪ್ಪಾ, ಹೊಳಿ ಕಾಯೂರು ಯಾರು?" ಎಂದರು. ಎಲ್ಲರೂ ನಕ್ಕರು. ನಾನು ಕೈ ಎತ್ತಿದೆ.

ಕೈ ಎತ್ತಿದ್ದಕ್ಕೆ ಕಾರಣವಿತ್ತು. ನಮ್ಮೂರಿನ ಕೆರೆಗೆ ನೀರು ಬಂದಾಗ ನೀರಿನ ಅಂಚಿಗೆ ಒಂದು ಕೋಲು ನೆಡುತ್ತಾರೆ. ದಿನಾ ಬೆಳಿಗ್ಗೆ ಹಿರಿಯರು ಚಂಬು ಹಿಡಿದುಕೊಂಡು ಹೋಗಿ ನೋಡುವುದು ಮೊದಲು ಅದನ್ನೇ. ನೀರು ಕೋಲನ್ನು ದಾಟಿ ಬಂತೋ, ಕೋಲು ಬಿಟ್ಟು ಹಿಂದೆ ಸರಿಯಿತೋ. ಅದನ್ನೇ ನೋಡಿ ಏನು ಬಿತ್ತಬೇಕೆಂದು ಮಾತಾಡುತ್ತಾರೆ. ನಮ್ಮ ಕಡೆ ಕೋಲು ನೆಡುವುದು ನೀರು ಏರಲಿ ಎಂಬ ಆಸೆಗೆ. ಹೆದರಿಕೆಗೆ ನೆಟ್ಟವಳು ನಮ್ಮ ಮಂದಿಯಲ್ಲಿ ಬಹುಶಃ ನಾನೇ ಮೊದಲು. ಪೇರಲದ ಒಂದು ನೆಟ್ಟನೆಯ ಟೊಂಗೆ ಕಡಿದು, ಅಜ್ಜಿಯ ಗುಡಿಸಲಿನ ಮುಂದಿನಿಂದ ಇಳಿದು, ಹೊಳೆಯ ನೀರು ಮುಟ್ಟುವಲ್ಲಿಯೇ ನೆಟ್ಟು ಬಂದೆ. ಮರುದಿನದಿಂದ ಬೆಳಗಿನ ಸಭೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ನನ್ನ ಪಾಳಿ. ಎದ್ದು ನಿಂತು, "ಸರ್, ಹೊಳಿ ಇದ್ದಲ್ಲೇ ಐತ್ರಿ," ಎನ್ನುವುದು. ಎಲ್ಲರೂ ಚಪ್ಪಾಳೆ ತಟ್ಟುವುದು. ಕಾಲೇಜಿನಲ್ಲಿ ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕೂತವಳಿಗೆ ಅದು ಸಣ್ಣ ಮರ್ಯಾದೆಯಲ್ಲ.

ಎರಡನೇ ದಿನ ಪಾತ್ರೆ ತೊಳೆಯುವ ಪಾಳಿಯವರು ಆ ಕೋಲಿಗೆ ಒಂದು ಕೆಂಪು ಪ್ಲಾಸ್ಟಿಕ್ ಚೀಲ ಸಿಕ್ಕಿಸಿದ್ದರು. ಅದರಲ್ಲಿ ಸಬಕಾರದ ಪುಡಿ, ತೆಂಗಿನ ನಾರು. ನಾನು ಬೇಡ ಎನ್ನಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡೆ: ಇನ್ನು ಕೆಳಗೆ ಇಳಿಯಬೇಕಿಲ್ಲ, ಬದುವಿನ ಮೇಲೆ ನಿಂತರೆ ಕೆಂಪು ಚೀಲ ಕಾಣುತ್ತದೆ, ಅದರ ಬುಡದಲ್ಲಿ ನೀರು ಹೊಳೆಯುವುದೂ ಕಾಣುತ್ತದೆ.

ಮೊದಲ ದಿನವೇ ಸಂಜೆ ಮಾವನ ಫೋನು ಬಂದಿತ್ತು. "ನಿಮ್ಮವ್ವಗ ಆರಾಮಿಲ್ಲ. ಎದಿ ನೋವು ಅಂತ. ನಾ ಗಾಡಿ ತಗೊಂಡು ಬರತೀನಿ, ತಯಾರಾಗು."

ಕೂಡಲೇ ಅವ್ವನಿಗೆ ಫೋನು ಮಾಡಿದೆ. ಅವಳು ಪಕ್ಕದ ಮನೆಯವಳ ಜೊತೆ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತಾ ಕೂತಿದ್ದಳು. "ಎದಿ ನೋವೇನು? ನಿಮ್ಮ ಮಾಮಾನ ತಲಿ ನೋವು!" ಎಂದು ನಕ್ಕಳು. ಮಾವನಿಗೆ ಬರಬೇಡಿರಿ ಎಂದೆ. ಎರಡನೇ ದಿನ ಯಲಬುರ್ಗಾದವರು ಹುಡುಗಿ ನೋಡಲು ಬರುತ್ತಾರೆಂದು ಫೋನು. ಅದೂ ಸುಳ್ಳು. ಮೂರನೇ ದಿನ ಅತ್ತೆ ಜಾರಿ ಬಿದ್ದರೆಂದು. ಹಿಂದೆ ಅತ್ತೆಯ ದನಿ ಕೇಳುತ್ತಿತ್ತು: "ನನ್ನ ಯಾಕ ಬೀಳಸತೀರಿ, ನೀವ ಬೀಳ್ರಿ!" ನಾನು ಫೋನು ಇಟ್ಟುಬಿಟ್ಟೆ. ಇನ್ನು ಮಾವ ಏನು ಹೇಳಿದರೂ ನಂಬಬಾರದೆಂದು ಗಟ್ಟಿಮಾಡಿಕೊಂಡೆ.

ನಾಲ್ಕನೇ ದಿನ ಬೆಳಿಗ್ಗೆ ಹಾಲಿನವನು ಬರಲಿಲ್ಲ. ದಿನಾ ಊರಿನಿಂದ ಸೈಕಲ್ ಮೋಟಾರಿನ ಮೇಲೆ ಕ್ಯಾನು ತರುತ್ತಿದ್ದವನು. "ಅವಂಗೂ ರಜಾ ಬೇಕಲ್ಲ," ಎಂದರು ಸರ್. ಕರಿ ಚಹಾ ಕುಡಿದೆವು.

ಡೇರೆಗಳ ನಡುವೆ, ದೊಡ್ಡ ಪೇರಲ ಗಿಡದ ಬುಡಕ್ಕೆ, ಒಂದು ತೆಪ್ಪ ಬೋರಲು ಬಿದ್ದಿತ್ತು. ಮೀನು ಹಿಡಿಯುವವರದು, ಬಿದಿರಿನಿಂದ ಹೆಣೆದ, ಡಾಂಬರು ಬಳಿದ, ದೊಡ್ಡ ಬುಟ್ಟಿಯಂಥ ದೋಣಿ. ಹಿಂದಿನ ಸಂಜೆ ಇಬ್ಬರು ತಲೆಯ ಮೇಲೆ ಹೊತ್ತು ತಂದು ಹಾಕಿ, ಗಿಡಕ್ಕೆ ಹಗ್ಗದಿಂದ ಕಟ್ಟಿ, ನಮ್ಮ ಕಡೆ ನೋಡಿ, ಏನೂ ಹೇಳದೆ ಹೋಗಿದ್ದರು. ನಮ್ಮ ಹುಡುಗಿಯರು ಅದರ ಮೇಲೆ ಹತ್ತಿ ಕೂತು ಫೋಟೋ ತೆಗೆಸಿಕೊಂಡರು. ನಾನೂ ಕೂತೆ. ಹೊಳೆಯ ಮಂದಿ ತೆಪ್ಪವನ್ನು ಇಷ್ಟು ಮೇಲೆ ಹೊತ್ತು ತರುವುದು ಯಾವಾಗ ಎಂದು ಇಪ್ಪತ್ತಮೂರು ಮಂದಿಯಲ್ಲಿ ಒಬ್ಬರೂ ಕೇಳಲಿಲ್ಲ. ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಎಲ್ಲರೂ ಹಲ್ಲು ಕಿಸಿದಿದ್ದೇವೆ.

ಆ ದಿನ ಬೆಳಗಿನಿಂದ ತೋಟ ಸರಿಯಿರಲಿಲ್ಲ. ಇದನ್ನು ಆಮೇಲೆ ಕೂಡಿಸಿ ಹೇಳುತ್ತಿಲ್ಲ, ಆಗಲೂ ಅನಿಸಿತ್ತು. ಇರುವೆಗಳು ಗಿಡದ ಬೊಡ್ಡೆಯ ಮೇಲೆ ಬಿಳಿ ತತ್ತಿ ಹೊತ್ತುಕೊಂಡು ಏರುತ್ತಿದ್ದವು. ಅಡುಗೆಯ ಡೇರೆಯಲ್ಲಿ ಅಕ್ಕಿ ಚೀಲದ ಹಿಂದೆ ಒಂದು ನೀರುಹಾವು ಸುತ್ತಿಕೊಂಡಿತ್ತು. ಹೊರಗೆ ಹಾಕಿದರೆ ಹೊಳೆಯ ಕಡೆ ಹೋಗಲೊಲ್ಲದೆ ಮತ್ತೆ ಡೇರೆಯ ಕಡೆಗೇ ಬಂತು. ಮೂರು ದಿನ ಕಲ್ಲಿಗೆ ಬಡಿದು ಗದ್ದಲ ಮಾಡುತ್ತಿದ್ದ ಹೊಳೆ ಸುಮ್ಮನಾಗಿತ್ತು. ಸದ್ದಿಲ್ಲದಿದ್ದರೆ ನೀರು ಕಡಿಮೆಯಾಗಿರಬೇಕು ಎಂದು ನಾನು ಲೆಕ್ಕ ಹಾಕಿದೆ. ಸದ್ದು ಮಾಡುವ ಕಲ್ಲುಗಳೇ ಮುಳುಗಿದ್ದವು ಎಂಬುದು ಕೆರೆ ನೋಡಿ ಬೆಳೆದವಳಿಗೆ ಹೊಳೆಯಲಿಲ್ಲ.

ಅಜ್ಜಿ ಆಡುಗಳನ್ನು ಹಗ್ಗ ಹಿಡಿದು ಎಳೆದುಕೊಂಡು ನಮ್ಮ ಡೇರೆ ದಾಟಿ ಮೇಲೆ ಹೋದಳು.

"ಯಾಕಬೇ ಅಜ್ಜಿ, ಆಡಿಗೆ ಪೇರಲ ಹಣ್ಣು ತಿನ್ಸಾಕ ಹೊಂಟಿಯೇನು?" ಎಂದು ಒಬ್ಬ ಹುಡುಗ ಕೂಗಿದ.

"ನೀವ್ ಬಿಟ್ರ ತಿಂತಾವ. ಒಂದ್ ಹಣ್ಣ ಉಳಿಸೀರೇನು?" ಎಂದಳು. ಆಮೇಲೆ ನನ್ನನ್ನು ನೋಡಿ ನಿಂತಳು. "ಏನ್ ಅಂತೈತಿ ನಿನ್ ಕೋಲು?"

"ಇದ್ದಲ್ಲೇ ಐತಿ ಅಜ್ಜಿ."

"ಹೌದಾ." ಹೊಳೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. "ಕಲ್ತಾರು ನೀವು. ನನಗೇನ್ ಗೊತ್ತು. ಆದ್ರ ವಾಸನಿ ಬ್ಯಾರೇ ಬರಾಕತ್ತೈತಿ."

ವಾಸನೆ ನನಗೂ ಬರುತ್ತಿತ್ತು. ಹಣ್ಣಿನದಲ್ಲ, ಹಸಿ ಮಣ್ಣಿನದು. ಎಲ್ಲೋ ದೂರದ ಹೊಲವೊಂದನ್ನು ಕಿತ್ತು ಕರಗಿಸಿಕೊಂಡು ತಂದಂಥದು.

ಮಧ್ಯಾಹ್ನ ಊಟಕ್ಕೆ ಕೂಡುವ ಹೊತ್ತಿಗೆ ಮಾವನ ಫೋನು. ಎತ್ತಲಿಲ್ಲ. ಮತ್ತೆ ಬಂತು. ಮೂರನೇ ಸಲ ಎತ್ತಿದೆ.

"ಯವ್ವಾ, ಕೇಳಿಲ್ಲಿ. ಡ್ಯಾಮಿನ ಗೇಟ್ ಇನ್ನೂ ಎತ್ತತಾರ. ಈಗ ಎತ್ತಿದ್ದು ನಿಮ್ಮಲ್ಲಿಗೆ ಸಂಜಿಗೆ ಮುಟ್ಟತೈತಿ. ನಿಮ್ಮ ಸರ್ ಗೆ ಹೇಳು, ಎಲ್ಲಾರೂ ಊರಾಗ ಹೋಗ್ರಿ. ಅಲ್ಲಿ ಇರಬ್ಯಾಡ್ರಿ."

"ಅತ್ತಿ ಕಾಲು ಆರಾಮ ಆತೇನ್ರಿ?" ಎಂದೆ.

"ಅದನ್ನ ಬಿಡು, ನಾ ಹೇಳೂದ ಕೇಳು."

"ಮೂರ್ ದಿನ ಕೇಳೀನಲ್ರಿ ಮಾಮಾ. ನನ್ನ ಓದಿನ ಮ್ಯಾಲ ಯಾಕ ಕಣ್ಣು ನಿಮಗ? ಇನ್ನ ಎರಡ ದಿನ. ಮುಗಸ್ಕೊಂಡು ನಾನ ಬರತೀನಿ."

"ಏ ಹುಚ್ಚೀ…"

ಕಟ್ ಮಾಡಿದೆ. ಫೋನು ಬಂದ್ ಮಾಡಿ ಚೀಲದಲ್ಲಿಟ್ಟೆ. ಆದರೂ ಒಮ್ಮೆ ನೋಡಿಬಿಡೋಣ ಎನಿಸಿತು. ಬದುವಿನವರೆಗೆ ನಡೆದು ಹೋದೆ. ಕೆಂಪು ಚೀಲ ಗಾಳಿಗೆ ಅಲುಗುತ್ತಿತ್ತು. ಅದರ ಬುಡಕ್ಕೆ ಸರಿಯಾಗಿ ನೀರು, ನೆಟ್ಟ ದಿನ ಇದ್ದ ಹಾಗೆಯೇ. ಮೊದಲ ದಿನ ನೀರಿನಂಚಿಗೆ ಕಂಡಿದ್ದ, ಊರವರು ಬಟ್ಟೆ ಒಗೆಯುವ ಬಂಡೆ ಈಗ ಕಾಣಲಿಲ್ಲ. ಗಿಡಕ್ಕೆ ಮರೆಯಾಗಿರಬೇಕು ಎಂದುಕೊಂಡೆ. ಸಮಾಧಾನವಾಯಿತು. ಮಾವನ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ಊಟಕ್ಕೆ ವಾಪಸು ಬಂದಾಗ ಸರ್ ತಾವಾಗಿಯೇ ಕೇಳಿದರು: "ಏನವಾ, ಹೊಳಿ ಹೆಂಗೈತಿ?"

ಆಗ ಹೇಳಬಹುದಿತ್ತು. ನಮ್ಮ ಮಾವ ಡ್ಯಾಮಿನ ಹತ್ತಿರ ಕೆಲಸ ಮಾಡುತ್ತಾರೆ, ಹೀಗೆ ಅಂದರು, ಸುಳ್ಳೂ ಇರಬಹುದು ಸರ್. ಅಷ್ಟು ಸಾಕಿತ್ತು. ಉಳಿದದ್ದನ್ನು ಅವರು ವಿಚಾರಿಸುತ್ತಿದ್ದರು. ಆದರೆ ಹೇಳಿದರೆ ಶಿಬಿರ ಎತ್ತುತ್ತಾರೆ. ಎತ್ತಿದರೆ ಆರು ದಿನ ತುಂಬುವುದಿಲ್ಲ. ತುಂಬದಿದ್ದರೆ ಅಂಕವಿಲ್ಲ, ಮುಂದಿನ ವರ್ಷ ನಾನು ಯಲಬುರ್ಗಾದ ಆ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ. ಬಾಯಿ ತೆರೆಯುವಷ್ಟರಲ್ಲಿ ಇಷ್ಟೆಲ್ಲ ತಲೆಯಲ್ಲಿ ಓಡಿತು.

"ಇದ್ದಲ್ಲೇ ಐತ್ರಿ ಸರ್," ಎಂದೆ.

ಊರಿನಲ್ಲಿ ಆ ಹೊತ್ತಿಗೆ ಆಟೋಕ್ಕೆ ಮೈಕು ಕಟ್ಟಿ ಸಾರುತ್ತಿದ್ದರಂತೆ: ಹೊಳೆ ದಂಡೆಗೆ ಯಾರೂ ಹೋಗಬಾರದು, ದನಕರು ಬಿಡಬಾರದು. ಆಟೋ ಹಳ್ಳದ ಊರ ಕಡೆಯ ದಂಡೆಯವರೆಗೆ ಬಂದು ನೀರು ನೋಡಿ ತಿರುಗಿತ್ತು. ತೋಟದಲ್ಲಿ ನಾವು ಸ್ಪೀಕರ್ ಹಚ್ಚಿ ಬಾಲ್ಯವಿವಾಹ ತಡೆಯುವ ಬೀದಿನಾಟಕದ ತಾಲೀಮು ಮಾಡುತ್ತಿದ್ದೆವು. ನನ್ನದು ಅದರಲ್ಲಿ ಅತ್ತೆಯ ಪಾತ್ರ.

ಐದು ಗಂಟೆಗೆ ಪಾತ್ರೆಯ ಪಾಳಿ ನಮ್ಮ ತಂಡಕ್ಕೆ ಬಂತು. ನಾಲ್ಕು ದಿನದಲ್ಲಿ ಮೊದಲ ಸಲ. ನನ್ನ ಡೇರೆಯ ಗೆಳತಿಗೆ ಇದು ಎರಡನೆಯದು. ಹಿಂದಿನ ದಿನ ಬೇರೆ ತಂಡದಲ್ಲಿ ಒಬ್ಬರು ಕಡಿಮೆ ಇದ್ದಾರೆಂದು ಇವಳು ಹೋಗಿದ್ದಳು. ಬುಟ್ಟಿ ತುಂಬಾ ತಾಟು ಹೊತ್ತು ಅಜ್ಜಿಯ ಗುಡಿಸಲು ದಾಟಿದೆವು. ಅಜ್ಜಿ ಕೋಳಿಗಳನ್ನು ಕರೆದು ಕರೆದು ಬುಟ್ಟಿಯ ಕೆಳಗೆ ಮುಚ್ಚುತ್ತಿದ್ದಳು. ನನಗೆ ಏನೋ ತಪ್ಪಿದಂತಾಯಿತು. ಮೊದಲ ದಿನ ಕೋಲು ನೆಡಲು ಈ ಗುಡಿಸಲಿನಿಂದ ನಾನು ಎಷ್ಟೋ ದೂರ ಇಳಿದಿದ್ದೆ. ಈಗ ಇಪ್ಪತ್ತು ಹೆಜ್ಜೆಗೇ ನೀರು.

ಗೆಳತಿ ಮುಂದೆ ಹೋಗಿ ಕೋಲನ್ನು ಕಿತ್ತಳು. ಮೂರು ಹೆಜ್ಜೆ ಹಿಂದೆ ಬಂದು, ಒಣಗಿದ ಜಾಗ ನೋಡಿ, ಹಿಮ್ಮಡಿಯಿಂದ ತುಳಿದು ಮತ್ತೆ ನೆಟ್ಟಳು.

"ಏನ್ ಮಾಡಾಕತ್ತಿ?"

"ಏನಂದ್ರ? ಸಬಕಾರ ನೆನೀತೈತಲ್ಲ. ಬುಡಕ್ಕ ನೀರು ಬಂದಿತ್ತು."

"ನಿನ್ನೇನೂ ಮಾಡಿದ್ಯಾ?"

"ನಾ ಅಷ್ಟ ಏನು, ಎಲ್ಲಾರೂ ಮಾಡ್ತಾರ. ಪ್ರತಿ ಪಾಳಿಗೂ ಸರಸಬೇಕು. ಯಾಕ, ಹಂಗ್ಯಾಕ ನೋಡ್ತಿ?"

ದಿನಕ್ಕೆ ಮೂರು ಪಾಳಿ. ಪ್ರತಿ ಸಲ ಬೇರೆ ಮಂದಿ. ಪ್ರತಿಯೊಬ್ಬರೂ ಮೂರೋ ನಾಲ್ಕೋ ಹೆಜ್ಜೆ. ನನ್ನ ಕೋಲು ಹೊಳೆಯ ಮುಂದೆ ಹಿಮ್ಮೆಟ್ಟುತ್ತಾ ಹಿಮ್ಮೆಟ್ಟುತ್ತಾ ಮೇಲೆ ಬಂದಿತ್ತು. ನಾನು ದಿನಾ ಬದುವಿನ ಮೇಲೆ ನಿಂತು ನೋಡಿ, ಚಪ್ಪಾಳೆ ತಟ್ಟಿಸಿಕೊಂಡಿದ್ದೆ. ನಾವು ನೋಡುತ್ತಿದ್ದಂತೆಯೇ ಅವಳು ಈಗಷ್ಟೇ ನೆಟ್ಟ ಕೋಲಿನ ಬುಡಕ್ಕೆ ನೀರಿನ ಒಂದು ನಾಲಿಗೆ ಬಂದು ಮುಟ್ಟಿತು. ಹಿಂದೆ ಹೋಗಲಿಲ್ಲ.

ಓಡಿದೆ. ತಾಟುಗಳು ಅಲ್ಲೇ ಉಳಿದವು. ಸರ್ ನಾಟಕದ ಹುಡುಗರಿಗೆ ಏನೋ ತಿದ್ದಿ ಹೇಳುತ್ತಿದ್ದರು.

"ಸರ್, ಹೊಳಿ ಬಂದೈತ್ರಿ. ಕೋಲು ಸರಿಸ್ಯಾರ. ನಮ್ಮ ಮಾಮಾ ಫೋನ್ ಮಾಡಿದ್ರು, ಗೇಟ್ ಎತ್ಯಾರಂತ."

"ಯಾವಾಗ ಫೋನ್ ಮಾಡಿದ್ರು?"

ನಾನು ತಿರುಗಿ ಹೊಳೆಯ ಕಡೆ ನೋಡಿದೆ.

"ಯಾವಾಗವಾ?"

"ಮಧ್ಯಾಹ್ನರಿ. ಊಟಕ್ಕಿಂತ ಮೊದಲ."

ಅವರು ನನ್ನನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ಬೈಯಲಿಲ್ಲ. ಸ್ಪೀಕರಿನ ತಂತಿ ಕಿತ್ತು, "ಎಲ್ಲಾರೂ ಚೀಲ ಅಷ್ಟ ತಗೊಳ್ರಿ, ಮತ್ತೇನೂ ಬ್ಯಾಡ, ನಡೀರಿ ಊರ ಕಡೆ," ಎಂದು ಕೂಗಿದರು.

ಹೊಳೆ ಎದುರಿನಿಂದ ಬರುತ್ತದೆಂದು ನಾವು ಎದುರಿಗೆ ನೋಡುತ್ತಿದ್ದೆವು. ಅದು ಬೆನ್ನ ಹಿಂದೆ ಬಂದಿತ್ತು. ಊರಿನ ದಾರಿಯ ಹಳ್ಳಕ್ಕೆ ಹೋಗಿ ನಿಂತೆವು. ಹಳ್ಳ ಉಲ್ಟಾ ಹರಿಯುತ್ತಿತ್ತು. ಹೊಳೆಗೆ ಸೇರಬೇಕಾದ ನೀರು ಹೊಳೆಯಿಂದ ತಿರುಗಿ, ನಿಧಾನವಾಗಿ, ಒಂದು ತೆರೆಯೂ ಇಲ್ಲದೆ, ಹೊಲಗಳ ಕಡೆ ಏರುತ್ತಿತ್ತು. ಅದರ ಮೇಲೆ ಪೇರಲದ ಎಲೆಗಳು, ಹುಲ್ಲಿನ ಕಡ್ಡಿ, ಒಂದು ಚಪ್ಪಲಿ, ಎಲ್ಲ ಮೇಲ್ಮುಖವಾಗಿ ತೇಲುತ್ತಿದ್ದವು. ಒಂದು ಸದ್ದಿಲ್ಲ. ಅಂಥ ನೀರನ್ನು ನಾನು ಆಮೇಲೆ ಎಂದೂ ನೋಡಿಲ್ಲ, ನೋಡುವುದು ಬೇಡ.

ಆಚೆ ದಂಡೆಯ ಮೇಲೆ ಮಾವ ನಿಂತಿದ್ದರು.

ಗಾಡಿ ಹಿಂದೆ ಬಿದ್ದಿತ್ತು, ಸ್ಟ್ಯಾಂಡ್ ಹಾಕುವಷ್ಟೂ ವ್ಯವಧಾನವಿರಲಿಲ್ಲ ಎಂದು ಕಾಣುತ್ತದೆ. ನಾನು ಫೋನು ಕಟ್ ಮಾಡಿದ ಹೊತ್ತಿಗೇ ಮುನಿರಾಬಾದಿನಿಂದ ಹೊರಟು, ಗಂಗಾವತಿ ದಾಟಿ, ಊರು ಹುಡುಕಿ, ತೋಟ ಕೇಳಿ ಬಂದಿದ್ದರು. ಪ್ಯಾಂಟು ಮೊಣಕಾಲ ಮೇಲೆ ಮಡಚಿ, ಕೈಯಲ್ಲಿ ಒಂದು ಗಳ ಹಿಡಿದು ತಳ ನೋಡುತ್ತಾ ನೀರಿಗಿಳಿದರು.

"ಹಗ್ಗ ಐತೇನ್ರಿ ಸರ್ರ?"

ಡೇರೆಯ ಹಗ್ಗಗಳನ್ನು ಬಿಚ್ಚಿ, ಗಂಟು ಹಾಕಿ ಎಸೆದರು ನಮ್ಮ ಹುಡುಗರು. ಮಾವ ಅದನ್ನು ಆಚೆಯ ಜಾಲಿ ಗಿಡಕ್ಕೆ ಬಿಗಿದು ನಡು ಹಳ್ಳಕ್ಕೆ ಬಂದು ನಿಂತರು. ನೀರು ಅವರ ಸೊಂಟಕ್ಕಿತ್ತು. ಒಬ್ಬೊಬ್ಬರಾಗಿ ಹಗ್ಗ ಹಿಡಿದು ದಾಟಿದೆವು. ಹುಡುಗಿಯರು ಮೊದಲು. ಪ್ರತಿಯೊಬ್ಬರ ಮುಂಗೈ ಹಿಡಿದು ಮುಂದಕ್ಕೆ ಸಾಗಿಸುತ್ತಾ ಮಾವ ಒಂದೇ ಮಾತು ಹೇಳುತ್ತಿದ್ದರು: "ಕೆಳಗ ನೋಡಬ್ಯಾಡ, ನನ್ ಮಾರಿ ನೋಡು. ಕೆಳಗ ನೋಡಬ್ಯಾಡ." ನನ್ನ ಪಾಳಿ ಬಂದಾಗ ಅದನ್ನೂ ಹೇಳಲಿಲ್ಲ. ಕೈ ಮಾತ್ರ ಹಿಡಿದರು. ಗೀರು ಬೀಳುವಷ್ಟು ಗಟ್ಟಿ.

ಅಜ್ಜಿ ಕೊನೆಗೆ ಬಂದಳು. ಆಡುಗಳನ್ನು ಹುಡುಗರು ಹೆಗಲ ಮೇಲೆ ಹೊತ್ತು ದಾಟಿಸಿದರು. ದಾಟಿದ ಮೇಲೆ ಅವಳು ತಿರುಗಿ, "ನನ್ ಕೋಳಿ, ನನ್ ಕೋಳಿ ಮುಚ್ಚಿಟ್ಟು ಬಂದೀನೋ ಯಪ್ಪಾ," ಎಂದು ಮತ್ತೆ ಇಳಿಯಲು ಹೋದಳು. ಇಬ್ಬರು ಹಿಡಿದುಕೊಂಡರು.

ತಲೆ ಎಣಿಸಿದರು. ಇಪ್ಪತ್ತಮೂರೂ ಇದ್ದವು. ಹೊತ್ತು ಮುಳುಗುತ್ತಿತ್ತು. ನೀರು ಆಗಲೇ ಮಾವ ನಿಂತಿದ್ದ ಜಾಗದಲ್ಲಿ ಎದೆಮಟ್ಟ ಆಗಿರಬೇಕು. ಅವರು ಅಲ್ಲಿ ಊರಿ ಬಿಟ್ಟುಬಂದಿದ್ದ ಗಳ ಅರ್ಧಕ್ಕಿಂತ ಹೆಚ್ಚು ಮುಳುಗಿತ್ತು.

ಮಾವ ಸರ್ ಕಡೆ ತಿರುಗಿದರು. "ನಾ ಮಧ್ಯಾಹ್ನನ ಹೇಳೀನ್ರಿ ಇಕಿಗಿ."

"ಹೇಳಿದಳ್ರಿ. ಈಗ," ಎಂದರು ಸರ್.

ಮಾವ ಗಾಡಿ ಎತ್ತಿ ನಿಲ್ಲಿಸಿ, ಕಿಕ್ ಹೊಡೆದರು. ನನ್ನ ಕಡೆ ನೋಡದೆ, "ಹತ್ತು," ಎಂದರು.

ಹತ್ತಿದರೆ ಅಲ್ಲಿಗೆ ಮುಗಿಯಿತು. ಸರ್ ಆಗಲೇ ಊರವರೊಂದಿಗೆ ಮಾತಾಡುತ್ತಿದ್ದರು. ಸಮುದಾಯ ಭವನದ ಕೀಲಿ ಕೊಡುತ್ತಾರಂತೆ, ಉಳಿದ ಎರಡು ದಿನ ಅಲ್ಲಿಯೇ ಇರಬಹುದು, ಶಿಬಿರ ತುಂಬುತ್ತದೆ. ಆ ಮನುಷ್ಯ ಹೇಳಿದ್ದು ನಿಜವಿತ್ತು, ನಾನು ಅವರನ್ನು ಸುಳ್ಳನೆಂದಿದ್ದೆ. ಇಪ್ಪತ್ತೆರಡು ಮಂದಿಯ ಜೀವದ ಮೇಲೆ ನನ್ನ ಡಿಗ್ರಿಯನ್ನು ಇಟ್ಟಿದ್ದೆ. ಇನ್ನು ಯಾವ ಮುಖದಿಂದ ಬರುವುದಿಲ್ಲ ಎನ್ನುವುದು?

"ಬರಂಗಿಲ್ರಿ ಮಾಮಾ," ಎಂದೆ.

ಎಂಜಿನ್ ಗುರುಗುಟ್ಟುತ್ತಿತ್ತು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ: "ತಪ್ಪು ನಂದ. ಹೊಡೀರಿ ಬೇಕಾದ್ರ. ಆದ್ರ ನಾ ಬರಂಗಿಲ್ಲ. ಎರಡ ದಿನ ಉಳದಾವ."

ಮಾವ ಹೊಡೆಯಲಿಲ್ಲ. ಬೈಯಲೂ ಇಲ್ಲ. ಒದ್ದೆ ಪ್ಯಾಂಟಿನಲ್ಲೇ ಗಾಡಿ ತಿರುಗಿಸಿ ಹೊರಟುಹೋದರು. ಹಿಂದಿನ ಕೆಂಪು ದೀಪ ಮರಳಿ ಎಂಬ ಊರಿನ ಕಡೆಯ ಗದ್ದೆಗಳ ನಡುವೆ ಬಹಳ ಹೊತ್ತು ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಹಳ್ಳದ ದಂಡೆಗೆ ಹೋಗಿ ನೋಡಿದೆವು. ತೋಟದ ಹೊಳೆಯ ಕಡೆಯ ಅರ್ಧ ಇರಲಿಲ್ಲ. ಪೇರಲ ಗಿಡಗಳ ತಲೆಗಳು ನೀರಿನ ಮೇಲೆ ಪೊದೆಗಳಂತೆ ಕಾಣುತ್ತಿದ್ದವು. ನಮ್ಮ ಡೇರೆಗಳಲ್ಲಿ ಎರಡರ ನೀಲಿ ತಾಡಪತ್ರಿ ಗಿಡಕ್ಕೆ ಸಿಕ್ಕಿ ಉಬ್ಬಿ ತಗ್ಗುತ್ತಿತ್ತು. ಮೀನಿನವರ ತೆಪ್ಪ ಮಾತ್ರ ದೊಡ್ಡ ಗಿಡಕ್ಕೆ ಕಟ್ಟಿದ್ದು ಕಟ್ಟಿದಂತೆ ತೇಲುತ್ತಿತ್ತು. ಅಜ್ಜಿ ನನ್ನ ಪಕ್ಕಕ್ಕೆ ಬಂದು ನಿಂತಳು. ನಾನು ಅವಳಿಗೆ ಹೇಳಿಬಿಟ್ಟೆ. ಫೋನು ಬಂದದ್ದು, ನಾನು ಹೇಳದೆ ಉಳಿದದ್ದು.

"ಮಧ್ಯಾಹ್ನನ ಗೊತ್ತಿತ್ತೇನು ನಿನಗ?"

"ಹೂಂ ಅಜ್ಜಿ."

ಅವಳು ಗುಡಿಸಲು ಇದ್ದ ಕಡೆ ನೋಡಿದಳು. ಆಮೇಲೆ ಹೇಳಿದ್ದು ಇಷ್ಟು: "ಬುಟ್ಟಿ ಎತ್ತಿ ಬಿಟ್ಟಿದ್ರ ಗಿಡಾ ಹತ್ತಿರೂವು. ಕೋಳಿಗೆ ಗಿಡಾ ಹತ್ತಾಕ ಬರತೈತಿ."

ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ಶಿಬಿರ ಮುಗಿಯುವವರೆಗೂ ನಾನು ಕೊಟ್ಟ ಚಹಾ ಮುಟ್ಟಲಿಲ್ಲ. ಬುಟ್ಟಿಯ ಕೆಳಗೆ ನೀರು ಏರುವಾಗ ಆ ಕೋಳಿಗಳು ಏನು ಮಾಡಿರಬಹುದು ಎಂಬುದು ಈಗಲೂ ಕೆಲವು ಸಲ, ಕೆಲಸದ ನಡುವೆ, ಸುಮ್ಮನೆ ನೆನಪಾಗುತ್ತದೆ.

ಸರ್ ನನ್ನ ಅಂಕ ಕಡಿಯಲಿಲ್ಲ. ಬದಲಿಗೆ, "ಶಿಬಿರದ ವರದಿಯೊಳಗ ಇದನ್ನ ಬರೀಬೇಕು. ನಡದದ್ದು ನಡದಂಗ. ಫೋನಿಂದೂ ಬರೀಬೇಕು, ಕೋಲಿಂದೂ ಬರೀಬೇಕು," ಎಂದರು. ಬರೆದೆ. ನಾಲ್ಕು ಸಲ ಹರಿದು ಐದನೇ ಸಲ ಬರೆದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಆ ಪುಟಕ್ಕೇ ಬೆರಳಿಟ್ಟು, "ಇದನ್ನ ಬರಿಯೂ ಅವಶ್ಯಕತಿ ಇತ್ತೇನಮ್ಮ?" ಎಂದು ಕೇಳಿದರು. "ಇತ್ರಿ ಸರ್," ಎಂದೆ. ಅವರು ಪುಟ ತಿರುವಿದರು.

ಮಾವ ಮಾತು ಬಿಟ್ಟರು. ಅವರ ಮನೆಯಲ್ಲೇ ಉಂಡೆ, ಅವರ ಮನೆಯಲ್ಲೇ ಮಲಗಿದೆ, ಅವರು ತಂದ ಬಲ್ಬಿನ ಕೆಳಗೇ ಓದಿದೆ. "ಇಕಿಗಿ ನೀಡು," "ಇಕಿ ಬಂದ್ಲೇನು ಕೇಳು": ಏನಿದ್ದರೂ ಅತ್ತೆಯ ಮೂಲಕ. ಬಸ್ಸು ತಡವಾದರೆ ಎದುರು ಬರುವುದನ್ನೂ ನಿಲ್ಲಿಸಿದರು. ಅವರ ಫೋನು ನನಗೆ ಒಮ್ಮೆಯೂ ಬರಲಿಲ್ಲ. ಪರೀಕ್ಷೆ ಮುಗಿಯಿತು, ಫಲಿತಾಂಶ ಬಂತು. ಪಾಸಾಗಿದ್ದೆ, ಪ್ರಥಮ ದರ್ಜೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಇದನ್ನು ನಾಚಿಕೊಳ್ಳದೆ ಬರೆಯುತ್ತೇನೆ, ಕಷ್ಟಪಟ್ಟು ಗಳಿಸಿದ್ದು. ಅಪ್ಪ ಫೋನಿನಲ್ಲಿ ಅತ್ತ. ಅತ್ತೆ ಸಿಹಿಗೆ ಸಜ್ಜಕ ಮಾಡಿದರು. ಮಾವ ಎರಡು ಸಲ ಹಾಕಿಸಿಕೊಂಡು ಉಂಡರು, ಮಾತಾಡಲಿಲ್ಲ.

ಪ್ರಮಾಣಪತ್ರ ಬಂದಿದೆ, ಬಂದು ಒಯ್ಯಬೇಕು ಎಂದು ಕಾಲೇಜಿನವರು ತಿಳಿಸಿದ ದಿನ ನಾನು ಬಸ್ಸಿಗೆ ಹೊರಟೆ. ಬಾಗಿಲಲ್ಲಿ ಗಾಡಿ ನಿಂತಿತ್ತು. ಮಾವ ಎಂಜಿನ್ ಚಾಲೂ ಮಾಡಿಕೊಂಡು ಎದುರಿಗೆ ನೋಡುತ್ತಾ ಕೂತಿದ್ದರು. ಹತ್ತಿದೆ. ಕೊಪ್ಪಳದವರೆಗೂ ಒಂದು ಮಾತಿಲ್ಲ.

ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆವು. ಗುಮಾಸ್ತರು ಪುಸ್ತಕದಲ್ಲಿ ನನ್ನ ಸಹಿ ತಗೊಂಡು, ದಪ್ಪ ಕಾಗದವನ್ನು ಕಿಟಕಿಯಿಂದ ಹೊರಗೆ ಚಾಚಿದರು. ನನ್ನ ಕೈಗೆ ಬರುವ ಮೊದಲೇ ಮಾವ ಅದನ್ನು ಇಸಿದುಕೊಂಡರು. ಅಂಗೈಯನ್ನು ಅಂಗಿಗೆ ಒರೆಸಿ ಒರೆಸಿ, ಅಂಚು ಮಾತ್ರ ಹಿಡಿದು, ನನ್ನ ಹೆಸರಿನ ಕೆಳಗೆ ಬೆರಳು ಓಡಿಸುತ್ತಾ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಹಿಂದಿನವರು, "ಸ್ವಲ್ಪ ಸರೀರಿ ಯಜಮಾನ್ರ," ಎಂದರು. ಸರಿಯಲಿಲ್ಲ. ಪೂರ್ತಿ ಓದಿದ ಮೇಲೆ ಕಾಗದವನ್ನು ನನ್ನ ಕೈಗೆ ಕೊಟ್ಟು, ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿದರು.

"ಇನ್ನ ಮ್ಯಾಲ ನಾ ನಿನಗ ಸುಳ್ಳು ಹೇಳಂಗಿಲ್ಲ," ಎಂದರು. "ನೀ ಫೋನ್ ಎತ್ತು."